ಹಳೆಯ ವಿಮಾನ ಉಳಿಯಲಿ, ಹಳೆಯ ವಿಷ ಅಳಿಯಲಿ

ಹಳೆಯ ಕಾಲದ ವಿಮಾನಗಳನ್ನು ಹುಡುಕಿ ಕೊಂಡು, ವರ್ಷಗಟ್ಟಲೆ ದುರಸ್ತಿ ಮಾಡಿ, ಹಾರಿಸಿ, ಜನರಿಗೆ ತೋರಿಸುವ ಹವ್ಯಾಸವು ಜಗತ್ತಿನ ಹಲವು ದೇಶಗಳಲ್ಲಿ ಬೇರೂರಿದೆ. ಇಂಗ್ಲೆಂಡಿನ ಓಲ್ಡ್ ವಾರ್ಡನ್ ಎಂಬ ಹಳ್ಳಿಯ ಶಟಲ್‌ವರ್ತ್ ಸಂಗ್ರಹದಲ್ಲಿ ಮೊದಲನೆಯ ಮಹಾಯುದ್ಧಕ್ಕಿಂತಲೂ ಹಿಂದಿನ ವಿಮಾನಗಳನ್ನು ಹಾರುವ ಸ್ಥಿತಿಯಲ್ಲಿ ಇರಿಸಿದ್ದಾರೆ. ಬ್ರಿಟಿಷ್ ವಾಯುಪಡೆಯು 1957ರಿಂದ ತನ್ನ ಯುದ್ಧಕಾಲದ ವಿಮಾನಗಳಿಗಾಗಿ ಒಂದು ಸ್ಮಾರಕ ತುಕಡಿಯನ್ನೇ ಸಾಕಿಕೊಂಡು ಬಂದಿದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್‌ನಲ್ಲಿ ಪ್ರತಿ ಜುಲೈ ತಿಂಗಳಲ್ಲಿ ನಡೆಯುವ ವಿಮಾನ ಜಾತ್ರೆಗೆ ಸುಮಾರು ಹತ್ತು ಸಾವಿರ ವಿಮಾನಗಳು ಬಂದಿಳಿಯುತ್ತವೆ. ಅವುಗಳಲ್ಲಿ ಹಳೆಯವುಗಳ ಸಾಲೇ ಬೇರೆ. ನಮ್ಮ ದೇಶದಲ್ಲಿಯೂ ವಾಯುಪಡೆಯು ಟೈಗರ್ ಮಾತ್, ಹಾರ್ವರ್ಡ್ ವಿಮಾನಗಳನ್ನು ಮತ್ತೆ ಹಾರುವಂತೆ ಮಾಡಿಸಿತು. 2018ರ ಮೇ ತಿಂಗಳಲ್ಲಿ ‘ಪರಶುರಾಮ’ ಎಂಬ ಹೆಸರಿನ ಡಕೋಟಾ ವಿಮಾನವು ಆ ಸಾಲಿಗೆ ಸೇರಿತು.

ಈ ಹವ್ಯಾಸವನ್ನು ಹಳಿಯುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಹಳೆಯ ನಾಟಿ ಭತ್ತದ ತಳಿಯನ್ನು ಉಳಿಸಿಕೊಳ್ಳುವ ರೈತನಿಗೂ, ತುಕ್ಕು ಹಿಡಿದ ರೆಕ್ಕೆಯನ್ನು ಬಿಚ್ಚಿ ಕಟ್ಟುವ ವಿಮಾನಪ್ರೇಮಿಗೂ ಇರುವ ಶ್ರದ್ಧೆ ಒಂದೇ ಜಾತಿಯದು. ಕೈಕೆಲಸದ ಜ್ಞಾನ ನಶಿಸಬಾರದು ಎಂಬ ಕಾಳಜಿ ಇಬ್ಬರದೂ ಹೌದು. ನಮ್ಮ ತಕರಾರು ಇರುವುದು ಆ ವಿಮಾನಗಳ ಟ್ಯಾಂಕಿಗೆ ತುಂಬುವ ಎಣ್ಣೆಯ ಬಗ್ಗೆ. ಪರಂಪರೆಯ ಹೆಸರಿನಲ್ಲಿ ಈ ಯಂತ್ರಗಳು ಆಕಾಶದಿಂದ ಸೀಸವನ್ನು ಉದುರಿಸುತ್ತಿವೆ. ರೆಕ್ಕೆ ಪರಂಪರೆಯಾಗಬಹುದು, ಎಂಜಿನ್ನಿನ ಸದ್ದೂ ಪರಂಪರೆಯಾಗಬಹುದು. ಸೀಸ ಯಾರ ಪರಂಪರೆಯೂ ಆಗಬಾರದು.

ಟ್ಯಾಂಕಿನೊಳಗೆ ಏನಿದೆ?

ನಾವು ಬೆಂಗಳೂರಿನಿಂದಲೋ ಶಿವಮೊಗ್ಗದ ಸೋಗಾನೆಯಿಂದಲೋ ಹತ್ತುವ ಪ್ರಯಾಣಿಕ ವಿಮಾನಗಳು ಸೀಮೆಎಣ್ಣೆಯ ಜಾತಿಗೆ ಸೇರಿದ ಇಂಧನವನ್ನು ಉರಿಸುತ್ತವೆ. ಅದರಿಂದಾಗುವ ಹಾನಿಗಳ ಲೆಕ್ಕ ಬೇರೆ. ಅದರಲ್ಲಿ ಸೀಸವಂತೂ ಇಲ್ಲ. ಆದರೆ ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳು ಮತ್ತು ಹೆಚ್ಚುಕಡಿಮೆ ಎಲ್ಲ ಹಳೆಯ ವಿಮಾನಗಳು ಬಳಸುವುದು ಏವ್‌ಗ್ಯಾಸ್ ಎಂಬ ಪೆಟ್ರೋಲನ್ನು. ಜಗತ್ತಿನಲ್ಲಿ ಅತಿ ಹೆಚ್ಚಾಗಿ ಮಾರಾಟವಾಗುವ ಏವ್‌ಗ್ಯಾಸ್‌ನ ಹೆಸರು ‘100 ಎಲ್‌ಎಲ್’. ಈ ಎರಡು ಅಕ್ಷರಗಳ ವಿಸ್ತಾರ ‘ಲೋ ಲೆಡ್’, ಅಂದರೆ ಕಡಿಮೆ ಸೀಸದ್ದು ಎಂದರ್ಥ. ಹೆಸರಿಗೆ ಮರುಳಾಗಬೇಡಿ. ಅದರ ಪ್ರತಿ ಲೀಟರಿನಲ್ಲಿ 0.56 ಗ್ರಾಂವರೆಗೆ ಸೀಸ ಇರಬಹುದು ಎನ್ನುತ್ತದೆ ನಿಯಮ. ಅದಕ್ಕಿಂತ ಹಿಂದಿನ ಇಂಧನದಲ್ಲಿ ಇದರ ಎರಡು ಪಟ್ಟು ಇದ್ದುದರಿಂದ ಇದಕ್ಕೆ ‘ಕಡಿಮೆ’ ಎಂಬ ಬಿರುದು ದೊರೆಯಿತು, ಅಷ್ಟೆ.

ಈ ಸೀಸವು ಟೆಟ್ರಾಈಥೈಲ್ ಲೆಡ್ ಎಂಬ ಸಂಯುಕ್ತದ ರೂಪದಲ್ಲಿ ಸೇರಿರುತ್ತದೆ. ಉರಿದ ಮೇಲೆ ಸೀಸವು ಎಂಜಿನ್ನಿನೊಳಗೇ ಕಟ್ಟಿಕೊಳ್ಳದಿರಲೆಂದು ಅದರೊಂದಿಗೆ ಈಥೈಲಿನ್ ಡೈಬ್ರೋಮೈಡ್ ಎಂಬ ಇನ್ನೊಂದು ರಾಸಾಯನಿಕವನ್ನು ಬೆರೆಸುತ್ತಾರೆ. ಕೃಷಿ ವಿಜ್ಞಾನಿಗಳಿಗೆ ಈ ಹೆಸರು ಹಳೆಯ ಪರಿಚಯ. ಮಣ್ಣಿನ ಜಂತುಹುಳುಗಳನ್ನು ಕೊಲ್ಲಲು ಮತ್ತು ದಾಸ್ತಾನು ಧಾನ್ಯಕ್ಕೆ ಹೊಗೆ ಹಾಕಲು ಬಳಸುತ್ತಿದ್ದ ಇದೇ ವಸ್ತುವನ್ನು ಕ್ಯಾನ್ಸರ್ ಭಯದಿಂದ ಅಮೆರಿಕವು 1980ರ ದಶಕದಲ್ಲಿಯೂ ಭಾರತವು 2001ರಲ್ಲಿಯೂ ಕೃಷಿಯಿಂದ ಹೊರಹಾಕಿದವು. ಹೊಲಕ್ಕೆ ಬೇಡವಾದುದು ಹೊಲದ ಮೇಲೆ ಹಾರುವ ಯಂತ್ರಕ್ಕೆ ಇಂದಿಗೂ ಬೇಕಾಗಿದೆ.

ಒಂದೇ ವರ್ಷ, ಒಂದೇ ಸೀಮೆ

ವಿಮಾನಕ್ಕೂ ಸೀಸಕ್ಕೂ ಇರುವ ನಂಟಿನ ಇತಿಹಾಸವನ್ನು ಯಾವ ವಿಮಾನ ಪ್ರದರ್ಶನದ ಫಲಕದಲ್ಲಿಯೂ ಎದ್ದುಕಾಣುವಂತೆ ಬರೆದಿರುವುದಿಲ್ಲ. ಅದು ಆರಂಭವಾದದ್ದು 1921ರಲ್ಲಿ, ಅಮೆರಿಕದ ಓಹಾಯೋ ರಾಜ್ಯದಲ್ಲಿ, ರೈಟ್ ಸಹೋದರರ ಊರಾದ ಡೇಟನ್ನಿನ ಆಸುಪಾಸಿನಲ್ಲಿ.

ಆ ವರ್ಷದ ಆಗಸ್ಟ್ 3ರಂದು ಡೇಟನ್ನಿನಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದ ಟ್ರಾಯ್ ಎಂಬಲ್ಲಿ ಜಾನ್ ಮೆಕ್ರೆಡಿ ಎಂಬ ಸೇನಾ ವಿಮಾನ ಚಾಲಕನು ‘ಜೆನ್ನಿ’ ಎಂಬ ವಿಮಾನದಿಂದ ಕಟಾಲ್ಪಾ ಮರಗಳ ತೋಪೊಂದರ ಮೇಲೆ ಕಂಬಳಿಹುಳು ಕೊಲ್ಲುವ ಪುಡಿಯನ್ನು ಉದುರಿಸಿದನು. ಕೃಷಿಯಲ್ಲಿ ವಿಮಾನದಿಂದ ವಿಷ ಎರಚಿದ ಮೊದಲ ಪ್ರಯೋಗ ಅದು. ಎರಚಿದ ಪುಡಿ ಯಾವುದು? ಲೆಡ್ ಆರ್ಸೆನೇಟ್, ಸೀಸ ಮತ್ತು ಪಾಷಾಣಗಳ ಜೋಡಿ. ಅದೇ ವರ್ಷದ ಡಿಸೆಂಬರ್ 9ರಂದು ಡೇಟನ್ನಿನಲ್ಲಿ, ಜನರಲ್ ಮೋಟಾರ್ಸ್ ಕಂಪನಿಯ ಪ್ರಯೋಗಶಾಲೆಯಲ್ಲಿ, ಥಾಮಸ್ ಮಿಡ್ಗ್ಲಿ ಎಂಬ ಎಂಜಿನಿಯರ್ ಪೆಟ್ರೋಲಿಗೆ ಚೂರು ಟೆಟ್ರಾಈಥೈಲ್ ಲೆಡ್ ಬೆರೆಸಿದರೆ ಎಂಜಿನ್ನಿನ ಬಡಿತ ನಿಲ್ಲುತ್ತದೆ ಎಂಬುದನ್ನು ಕಂಡುಕೊಂಡನು. ಒಂದು ಸೀಸ ವಿಮಾನದ ಹೊಟ್ಟೆಯಿಂದ, ಇನ್ನೊಂದು ಅದರ ಹೊಗೆಗೊಳವೆಯಿಂದ. ನಾಲ್ಕು ತಿಂಗಳ ಅಂತರದಲ್ಲಿ ಎರಡೂ ದಾರಿ ತೆರೆದುಕೊಂಡವು.

ಮಿಡ್ಗ್ಲಿಗೆ ಬೇರೆ ದಾರಿ ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ. ಮದ್ಯಸಾರ ಬೆರೆಸಿದರೂ ಬಡಿತ ನಿಲ್ಲುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಆದರೆ ಯಾವ ರೈತನಾದರೂ ಭಟ್ಟಿ ಇಳಿಸಬಹುದಾದ ವಸ್ತುವಿನ ಮೇಲೆ ಏಕಸ್ವಾಮ್ಯ ಸಾಧ್ಯವಿರಲಿಲ್ಲ. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಎಂಬಲ್ಲಿನ ಘಟಕದಲ್ಲಿ ಈ ಸೀಸದ ಆವಿಗೆ ಸಿಲುಕಿದ ಐವರು ಕಾರ್ಮಿಕರು ಬುದ್ಧಿಭ್ರಮಣೆಗೊಂಡು ಸತ್ತರು. ಹಲವರು ಆಸ್ಪತ್ರೆ ಸೇರಿದರು. ಆಗಲೂ ಉತ್ಪಾದನೆ ಬಹುಕಾಲ ನಿಲ್ಲಲಿಲ್ಲ. ಮುಂದೆ ಇದೇ ಮಿಡ್ಗ್ಲಿಯು ಓಜೋನ್ ಪದರವನ್ನು ತೂತು ಮಾಡಿದ ಸಿ.ಎಫ್.ಸಿ. ಅನಿಲಗಳನ್ನು ಬಳಕೆಗೆ ತಂದನೆಂಬುದು ನಮ್ಮ ಓದುಗರಿಗೆ ತಿಳಿದಿರುವ ವಿಷಯ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆಯು ‘ಸ್ಟಿಯರ್‌ಮನ್’ ಎಂಬ ಎರಡು ಅಂತಸ್ತಿನ ರೆಕ್ಕೆಯ ತರಬೇತಿ ವಿಮಾನಗಳನ್ನು ಸಾವಿರಾರು ಸಂಖ್ಯೆಯಲ್ಲಿ ಅಗ್ಗಕ್ಕೆ ಮಾರಿತು. ಅವುಗಳ ಮುಂದಿನ ಆಸನವನ್ನು ಕಿತ್ತು, ಅಲ್ಲಿ ಪೆಟ್ಟಿಗೆ ಕೂಡಿಸಿ, ಹತ್ತಿಯ ಹೊಲಗಳ ಮೇಲೆ ಡಿಡಿಟಿಯಂತಹ ವಿಷಗಳನ್ನು ಸುರಿದರು. ಇಂದು ಅದೇ ವಿಮಾನಗಳು ಹೊಸ ಬಣ್ಣ ಬಳಿದುಕೊಂಡು, ಸೇನೆಯ ಹಳೆಯ ಲಾಂಛನ ಧರಿಸಿ ಪ್ರದರ್ಶನಗಳಲ್ಲಿ ನಿಂತಿವೆ. ತಮ್ಮ ಆಯುಷ್ಯದ ಬಹುಭಾಗವನ್ನು ಅವು ಕಳೆದದ್ದು ಹೊಲದ ಮೇಲೆ ಎಂಬ ಸಂಗತಿ ಬಣ್ಣದಡಿ ಮುಚ್ಚಿಹೋಗಿದೆ.

ಈ ಕಥೆ ನಮಗೆ ದೂರದ್ದಲ್ಲ. ಬೆಂಗಳೂರಿನ ಹಿಂದುಸ್ತಾನ್ ಏರೊನಾಟಿಕ್ಸ್ ಸಂಸ್ಥೆಯೇ ಎಪ್ಪತ್ತರ ದಶಕದಲ್ಲಿ ‘ಬಸಂತ್’ ಎಂಬ ಔಷಧಿ ಸಿಂಪರಣೆಯ ವಿಮಾನವನ್ನು ರೂಪಿಸಿ ತಯಾರಿಸಿತ್ತು. ಇನ್ನು ಕಾಸರಗೋಡಿನ ಮತ್ತು ದಕ್ಷಿಣ ಕನ್ನಡದ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು, ಅದರಡಿ ಬದುಕಿದ ಕುಟುಂಬಗಳು ಇಂದಿಗೂ ಅನುಭವಿಸುತ್ತಿರುವುದು, 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ನಿಷೇಧಿಸಿದ್ದು, ಇವನ್ನೆಲ್ಲ ಇಲ್ಲಿ ವಿವರಿಸಬೇಕಾಗಿಲ್ಲ. ಆಕಾಶದಿಂದ ಬಿದ್ದದ್ದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಕೇಳುವ ಹಕ್ಕನ್ನು ಪರಶುರಾಮ ಸೃಷ್ಟಿಯೆನಿಸಿದ ಈ ನೆಲದ ಜನ ಬೆಲೆ ತೆತ್ತು ಸಂಪಾದಿಸಿದ್ದಾರೆ.

ಮಣ್ಣು ಮರೆಯುವುದಿಲ್ಲ

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಲೋಹದ ಗುಣವನ್ನು ಹೇಳಿಕೊಡಬೇಕಾಗಿಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರು ಒಂದು ಶತಮಾನಕ್ಕೂ ಹಿಂದೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದಂದಿನಿಂದ ನಾವು ಮೈಲುತುತ್ತ ಹೊಡೆಯುತ್ತಿದ್ದೇವೆ. ವರ್ಷ ವರ್ಷವೂ ಹೊಡೆದ ತಾಮ್ರ ತೋಟದ ಮೇಲ್ಮಣ್ಣಿನಲ್ಲಿಯೇ ಸೇರಿಕೊಳ್ಳುತ್ತದೆ. ಕೀಟನಾಶಕವಾದರೆ ಎಂದಾದರೊಂದು ದಿನ ಒಡೆದು ಬೇರೊಂದು ವಸ್ತುವಾದೀತು. ಲೋಹ ಒಡೆಯುವುದಿಲ್ಲ, ಕೊಳೆಯುವುದಿಲ್ಲ. ಆದರೂ ತಾಮ್ರವು ಗಿಡಕ್ಕೂ ಮನುಷ್ಯನಿಗೂ ಅತ್ಯಲ್ಪ ಪ್ರಮಾಣದಲ್ಲಿ ಬೇಕಾದ ಪೋಷಕಾಂಶ; ಆ ಸಿಂಪರಣೆಯಿಂದ ಒಂದು ಕುಟುಂಬದ ವರ್ಷದ ಬೆಳೆ ಉಳಿಯುತ್ತದೆ. ಸೀಸ ಹಾಗಲ್ಲ. ಯಾವ ಗಿಡಕ್ಕೂ ಯಾವ ಪ್ರಾಣಿಗೂ ಅದರ ಅಗತ್ಯವಿಲ್ಲ.

ಸೀಸವು ಮಣ್ಣಿನ ಸಾವಯವಾಂಶಕ್ಕೆ ಬಿಗಿಯಾಗಿ ಅಂಟಿಕೊಂಡು ಮೇಲ್ಪದರದಲ್ಲಿಯೇ ಶತಮಾನಗಳ ಕಾಲ ನಿಲ್ಲುತ್ತದೆ. ಲೆಡ್ ಆರ್ಸೆನೇಟ್ ಬಳಕೆ ನಿಂತು ದಶಕಗಳು ಕಳೆದರೂ ಅಮೆರಿಕದ ಹಳೆಯ ಸೇಬಿನ ತೋಟಗಳ ಜಾಗದಲ್ಲಿ ಮನೆ ಕಟ್ಟುವವರು ಇಂದಿಗೂ ಮಣ್ಣು ಪರೀಕ್ಷೆ ಮಾಡಿಸಬೇಕಾಗುತ್ತದೆ. ಬಿದ್ದ ಸೀಸ ಬೇರಿನ ಮೂಲಕ ಹಣ್ಣಿಗೆ ಏರುವುದು ಕಡಿಮೆ; ಅದು ಹರಡುವುದು ಧೂಳಿನ ಮೂಲಕ. ಸೊಪ್ಪಿನ ಎಲೆಗೆ ಅಂಟಿದ ಮಣ್ಣು, ಅಂಗಳದಲ್ಲಿ ಆಡುವ ಮಗುವಿನ ಕೈ, ಆ ಕೈ ಸೇರುವ ಬಾಯಿ, ಇದೇ ಅದರ ದಾರಿ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಪಾಯವಿಲ್ಲ ಎನ್ನುವಂತಹ ಯಾವ ಸುರಕ್ಷಿತ ಮಟ್ಟವೂ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳೆಯುವ ಮೆದುಳಿಗೆ ಆದ ಹಾನಿ ಹಿಂದಿರುಗಿ ಸರಿಯಾಗುವುದಿಲ್ಲ.

ಈ ಜ್ಞಾನದ ಫಲವಾಗಿಯೇ ಭಾರತವು 2000ದಲ್ಲಿ ವಾಹನಗಳ ಪೆಟ್ರೋಲಿನಿಂದ ಸೀಸವನ್ನು ತೆಗೆದುಹಾಕಿತು. 2021ರಲ್ಲಿ ಕೊನೆಯ ದೇಶವಾಗಿ ಅಲ್ಜೀರಿಯವೂ ಕೈಬಿಟ್ಟಿತು. ಜಗತ್ತಿನ ಯಾವ ರಸ್ತೆಯಲ್ಲಿಯೂ ಮಾರಾಟಕ್ಕಿಲ್ಲದ ಸೀಸದ ಪೆಟ್ರೋಲು ಇಂದು ಉಳಿದಿರುವುದು ಮುಖ್ಯವಾಗಿ ವಿಮಾನದ ಟ್ಯಾಂಕಿನಲ್ಲಿ.

‘ಅದೆಷ್ಟು ಮಹಾ?’ ಎನ್ನುವವರಿಗೆ

ವಿಮಾನಪ್ರೇಮಿಗಳ ಮೊದಲ ಉತ್ತರ ಸಿದ್ಧವಾಗಿರುತ್ತದೆ: ನಮ್ಮ ವಿಮಾನಗಳು ಬೆರಳೆಣಿಕೆಯಷ್ಟು, ಹಾರುವುದು ವರ್ಷಕ್ಕೆ ಕೆಲವು ಗಂಟೆ, ಅದೆಷ್ಟು ಮಹಾ? ಲೆಕ್ಕ ಹಾಕೋಣ. ಡಕೋಟಾದಂತಹ ಎರಡು ಎಂಜಿನ್ನಿನ ವಿಮಾನ ಗಂಟೆಗೆ ಸುಮಾರು 350 ಲೀಟರ್ ಪೆಟ್ರೋಲು ಕುಡಿಯುತ್ತದೆ. ನಿಯಮವು ಒಪ್ಪುವ ಗರಿಷ್ಠ ಮಟ್ಟದಲ್ಲಿ ಸೀಸವಿದ್ದರೆ ಗಂಟೆಗೆ 196 ಗ್ರಾಂ ಸೀಸ. ಕಲುಷಿತವಾಗದ ಸಾಧಾರಣ ಮಣ್ಣಿನ ಒಂದು ಕಿಲೋದಲ್ಲಿ ಸುಮಾರು 20 ಮಿಲಿಗ್ರಾಂ ಸೀಸವಿರುತ್ತದೆ ಎಂದುಕೊಂಡರೆ, ಪ್ರಕೃತಿ ಹತ್ತು ಟನ್ ಮಣ್ಣಿನಲ್ಲಿ ಹರಡಿಟ್ಟ ಸೀಸವನ್ನು ಈ ಯಂತ್ರ ಒಂದೇ ಗಂಟೆಯಲ್ಲಿ ಗಾಳಿಗೆ ತೂರುತ್ತದೆ. ಅದೂ ಉಸಿರಿನೊಂದಿಗೆ ಒಳಸೇರುವಷ್ಟು ಸೂಕ್ಷ್ಮ ಕಣಗಳ ರೂಪದಲ್ಲಿ.

ಎತ್ತರದಲ್ಲಿ ಹಾರುವಾಗ ಇದು ಚದುರಿಹೋಗುತ್ತದೆ ಎನ್ನಬಹುದು. ಆದರೆ ಎಂಜಿನ್ ಬಿಸಿ ಮಾಡುವುದು, ಪರೀಕ್ಷೆಗಾಗಿ ವೇಗ ಏರಿಸುವುದು, ನೆಲಬಿಟ್ಟೇಳುವುದು, ಪ್ರೇಕ್ಷಕರ ಮುಂದೆ ತಗ್ಗಿನಲ್ಲಿ ಸುತ್ತುವುದು, ಇವೆಲ್ಲ ನಡೆಯುವುದು ಒಂದೇ ಅಂಗಣದಲ್ಲಿ. ಕ್ಯಾಲಿಫೋರ್ನಿಯದ ರೀಡ್-ಹಿಲ್‌ವ್ಯೂ ಎಂಬ ಸಣ್ಣ ವಿಮಾನಾಂಗಣದ ಸುತ್ತಲಿನ ಮಕ್ಕಳ ರಕ್ತಪರೀಕ್ಷೆಯ ಸುಮಾರು 17,000 ಫಲಿತಾಂಶಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಅಂಗಣಕ್ಕೆ ಹತ್ತಿರವಿದ್ದಷ್ಟೂ, ಗಾಳಿ ಬೀಸುವ ದಿಕ್ಕಿನಲ್ಲಿದ್ದಷ್ಟೂ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚು ಎಂಬುದು ಅದರ ಸಾರ. ಅಲ್ಲಿನ ಆಡಳಿತವು 2022ರ ಜನವರಿಯಿಂದ ಸೀಸದ ಇಂಧನದ ಮಾರಾಟವನ್ನೇ ನಿಲ್ಲಿಸಿತು. 2023ರ ಅಕ್ಟೋಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಪಿಸ್ಟನ್ ವಿಮಾನಗಳ ಸೀಸ ಜನಾರೋಗ್ಯಕ್ಕೆ ಅಪಾಯಕಾರಿಯೆಂದು ಅಧಿಕೃತವಾಗಿ ಘೋಷಿಸಿತು. ಆ ದೇಶದ ಗಾಳಿಗೆ ಸೇರುವ ಸೀಸದಲ್ಲಿ ಸುಮಾರು ಶೇ. 70ರಷ್ಟು ಇವುಗಳಿಂದಲೇ ಬರುತ್ತದೆಂದು ಅದರ ಅಂದಾಜು.

ಇವುಗಳಲ್ಲಿ ಹೆಚ್ಚಿನವು ತರಬೇತಿಯ ಮತ್ತು ಖಾಸಗಿ ಬಳಕೆಯ ವಿಮಾನಗಳು, ಪುರಾತನ ವಿಮಾನಗಳ ಪಾಲು ಚಿಕ್ಕದು ಎಂಬುದು ನಿಜ. ಆದರೆ ಪಾಲು ಚಿಕ್ಕದೆಂಬ ಮಾತನ್ನು ಹೇಳಿ ಪಾರಾಗುವವರಿಗೆ ಕೊನೆಯೆಲ್ಲಿ? ಹನಿಗೂಡಿದರೆ ಹಳ್ಳ. ಅದಕ್ಕಿಂತ ಮುಖ್ಯವಾದ ವಿಚಾರ ಇನ್ನೊಂದಿದೆ. 1940ರಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್ ಚಾಲಕರು ಸೀಸ ಬೆರೆತ 100 ಆಕ್ಟೇನ್ ಇಂಧನ ತುಂಬಿಕೊಂಡು ಮೇಲೇರಿದಾಗ ಒಂದು ದೇಶದ ಅಳಿವು ಉಳಿವಿನ ಪ್ರಶ್ನೆಯಿತ್ತು. 1947ರ ಅಕ್ಟೋಬರ್ 27ರಂದು ನಮ್ಮ ಡಕೋಟಾಗಳು ಸೈನಿಕರನ್ನು ಹೊತ್ತು ಶ್ರೀನಗರದಲ್ಲಿ ಇಳಿದಾಗಲೂ ಅಷ್ಟೆ. ಅಂದಿನ ಅನಿವಾರ್ಯತೆಯನ್ನು ಇಂದಿನ ರಜಾದಿನದ ನೋಟಕ್ಕೆ ಎರವಲು ತರಲಾಗದು. ನೋಡುವವನ ಸಂತೋಷಕ್ಕೆ, ಹಾರಿಸುವವನ ಹೆಮ್ಮೆಗೆ, ಟಿಕೆಟ್ಟನ್ನೂ ಕೊಳ್ಳದ, ಆಹ್ವಾನವೂ ಇಲ್ಲದ ಅಂಗಣದಾಚೆಯ ಮಗು ಏಕೆ ಬೆಲೆ ತೆರಬೇಕು?

ಎಂಜಿನ್ನು ಕೇಳದ ವಿಷ

ಎಲ್ಲಕ್ಕಿಂತ ವಿಪರ್ಯಾಸದ ಸಂಗತಿಯೆಂದರೆ ನಿಜವಾಗಿ ಹಳೆಯವೆನಿಸಿದ ಅನೇಕ ಎಂಜಿನ್ನುಗಳಿಗೆ ಈ ಸೀಸ ಬೇಕಾಗಿಯೇ ಇಲ್ಲ. ಟೈಗರ್ ಮಾತ್ ವಿಮಾನದ ಮೂಲ ಜಿಪ್ಸಿ ಮೇಜರ್ ಎಂಜಿನ್ನಾಗಲಿ, ಸ್ಟಿಯರ್‌ಮನ್‌ನ ಕಾಂಟಿನೆಂಟಲ್ ಎಂಜಿನ್ನಾಗಲಿ ರೂಪುಗೊಂಡದ್ದು ಎಪ್ಪತ್ತರ ಆಸುಪಾಸಿನ ಆಕ್ಟೇನ್ ಮಟ್ಟದ ಇಂಧನಕ್ಕಾಗಿ. ಅವು ಇಂಧನವನ್ನು ಒತ್ತುವ ಪ್ರಮಾಣವೇ ಕಡಿಮೆ. ಬಡಿತ ತಡೆಯಲು ಇಷ್ಟೊಂದು ಸೀಸದ ಅಗತ್ಯ ಅವಕ್ಕಿಲ್ಲ. ಬದಲಾಗಿ ಸ್ಪಾರ್ಕ್ ಪ್ಲಗ್ಗುಗಳಲ್ಲಿ ಸೀಸ ಕಟ್ಟಿಕೊಂಡು ಅವು ತೊಂದರೆ ಪಡುತ್ತವೆ. ಅಂಗಣದ ಪಂಪಿನಲ್ಲಿ ಬೇರೆ ಇಂಧನ ದೊರೆಯದು ಎಂಬ ಒಂದೇ ಕಾರಣಕ್ಕೆ ಯಂತ್ರವೂ ನೆಲವೂ ವಿಷ ಉಣ್ಣುತ್ತಿವೆ. ಸ್ವೀಡನ್ನಿನಲ್ಲಿ 1990ರ ದಶಕದಿಂದಲೇ ಸೀಸರಹಿತ ಏವ್‌ಗ್ಯಾಸ್ ಮಾರಾಟದಲ್ಲಿದೆ. ಅಮೆರಿಕದ ಹವ್ಯಾಸಿ ವಿಮಾನಿಗರ ಸಂಘವೇ 1982ರಲ್ಲಿ ಕೆಲವು ಸಣ್ಣ ವಿಮಾನಗಳಿಗೆ ಕಾರಿನ ಪೆಟ್ರೋಲು ಬಳಸಲು ಅನುಮತಿ ಪಡೆದಿತ್ತು. ದಾರಿ ಹೊಸದಲ್ಲ.

ಸ್ಪಿಟ್‌ಫೈರ್‌ನ ಮರ್ಲಿನ್‌ನಂತಹ ಬಲಶಾಲಿ ಎಂಜಿನ್ನುಗಳ ಸಮಸ್ಯೆ ಬೇರೆ ಎಂಬುದನ್ನು ಒಪ್ಪೋಣ. ಕಡಿಮೆ ಆಕ್ಟೇನಿನ ಇಂಧನ ಹಾಕಿದರೆ ಬಡಿತದಿಂದ ಪಿಸ್ಟನ್ ಒಡೆದು ವಿಮಾನವೇ ಬಿದ್ದೀತು. ಇದು ಪ್ರಾಣದ ಪ್ರಶ್ನೆ. 2022ರಲ್ಲಿ ಅಮೆರಿಕದ ವಿಮಾನಯಾನ ಆಡಳಿತವು ಸೀಸವಿಲ್ಲದ 100 ಆಕ್ಟೇನ್ ಇಂಧನವೊಂದಕ್ಕೆ ವ್ಯಾಪಕ ಒಪ್ಪಿಗೆ ನೀಡಿದ ಮೇಲೆ, ಅದು ವಿಮಾನದ ಬಣ್ಣವನ್ನೂ ಟ್ಯಾಂಕಿನ ಅಂಟನ್ನೂ ಕೆಡಿಸುತ್ತದೆ ಎಂಬ ದೂರುಗಳೂ ಬಂದಿವೆ. ಇಂಥ ತೊಡಕುಗಳು ಬಗೆಹರಿಯುವವರೆಗೆ ಏನು ಮಾಡಬೇಕು? ಉತ್ತರ ಸರಳ: ಆ ವಿಮಾನಗಳು ನೆಲದ ಮೇಲೆ ನಿಂತು ಪ್ರದರ್ಶನಗೊಳ್ಳಲಿ. ಪ್ರದರ್ಶನದ ವಿಮಾನವೊಂದು ಒಂದೆರಡು ವರ್ಷ ಹಾರದಿದ್ದರೆ ಯಾರ ಮನೆಯ ಒಲೆಯೂ ಆರುವುದಿಲ್ಲ. ಬೆಂಗಳೂರಿನ ಎಚ್‌ಎಎಲ್ ಪರಂಪರಾ ಕೇಂದ್ರವು 2001ರಿಂದ ಹಳೆಯ ವಿಮಾನಗಳನ್ನು ನಿಲ್ಲಿಸಿಯೇ ತೋರಿಸುತ್ತಿದೆ. ಅಲ್ಲಿಗೆ ಬರುವ ಶಾಲಾ ಮಕ್ಕಳ ಕಣ್ಣಿನ ಬೆರಗು ಅದರಿಂದ ಕಡಿಮೆಯಾಗಿಲ್ಲ.

ನಮ್ಮ ದೇಶ ಯಾವ ದಿಕ್ಕಿಗೆ?

ಜಗತ್ತು ಸೀಸದಿಂದ ಹಿಂದೆ ಸರಿಯುತ್ತಿದೆ. ಟೆಟ್ರಾಈಥೈಲ್ ಲೆಡ್ ಅನ್ನು 2025ರ ಮೇ ತಿಂಗಳಿನಿಂದ ಐರೋಪ್ಯ ಒಕ್ಕೂಟದಲ್ಲಿ ವಿಶೇಷ ಅನುಮತಿಯಿಲ್ಲದೆ ಬಳಸುವಂತಿಲ್ಲ. ಅಮೆರಿಕವು 2030ರ ಗಡುವನ್ನು ಮುಂದಿಟ್ಟುಕೊಂಡಿದೆ; ಕ್ಯಾಲಿಫೋರ್ನಿಯವು 2031ರಿಂದ ಮಾರಾಟವನ್ನೇ ನಿಷೇಧಿಸುವ ಕಾನೂನು ಮಾಡಿದೆ. ಇದೇ ಹೊತ್ತಿನಲ್ಲಿ, 2022ರ ಸೆಪ್ಟೆಂಬರಿನಲ್ಲಿ, ನಮ್ಮ ಇಂಡಿಯನ್ ಆಯಿಲ್ ಸಂಸ್ಥೆಯು ಅದುವರೆಗೆ ಆಮದಾಗುತ್ತಿದ್ದ 100 ಎಲ್‌ಎಲ್ ಅನ್ನು ಸ್ವದೇಶದಲ್ಲಿಯೇ ತಯಾರಿಸಿದ್ದೇವೆಂದು ಹಿಂಡನ್ ವಾಯುನೆಲೆಯಲ್ಲಿ ಸಂಭ್ರಮದಿಂದ ಬಿಡುಗಡೆ ಮಾಡಿತು. ಆಮದು ತಪ್ಪಿದ್ದು ಒಳ್ಳೆಯದೇ. ಆದರೆ ಉಳಿದವರು ಬಿಡಲು ಹೊರಟ ವಿಷವನ್ನು ಸ್ವಾವಲಂಬನೆಯ ಹೆಸರಿನಲ್ಲಿ ಅಪ್ಪಿಕೊಳ್ಳುವುದು ಯಾವ ಜಾಣತನ? ಏವ್‌ಗ್ಯಾಸ್ ತಯಾರಿಸಬಲ್ಲ ಸಂಸ್ಥೆಗೆ ಸೀಸರಹಿತ ಏವ್‌ಗ್ಯಾಸ್ ತಯಾರಿಸುವುದು ಆಗದ ಕೆಲಸವಲ್ಲ. ನಮ್ಮ ಬಂಕುಗಳ ಪೆಟ್ರೋಲು ಇದಕ್ಕೆ ಪರ್ಯಾಯವಾಗಲಾರದು. ಅದರಲ್ಲಿ ಈಗ ಶೇ. 20ರವರೆಗೆ ಎಥನಾಲ್ ಇರುವುದರಿಂದ ಹಳೆಯ ವಿಮಾನಗಳ ರಬ್ಬರು ಮತ್ತು ಅಂಟುಗಳು ಹಾಳಾಗುತ್ತವೆ. ಆದುದರಿಂದ ಪ್ರತ್ಯೇಕ ಇಂಧನವೇ ಬೇಕು, ಅದನ್ನು ಕೇಳುವವರು ಬೇಕು.

ಕೇಳಬೇಕಾದವರು ಮೊದಲಿಗೆ ವಿಮಾನಪ್ರೇಮಿಗಳೇ. ಸಾವಿರಾರು ಗಂಟೆ ದುಡಿದು ರೆಕ್ಕೆಯ ಬಟ್ಟೆ ಹೊಲಿಯುವವರಿಗೆ, ಸಿಗದ ಬಿಡಿಭಾಗಕ್ಕಾಗಿ ಖಂಡಾಂತರ ಅಲೆಯುವವರಿಗೆ, ಶುದ್ಧ ಇಂಧನಕ್ಕಾಗಿ ಹಟ ಹಿಡಿಯುವ ಶಕ್ತಿ ಇಲ್ಲವೆಂದರೆ ನಂಬುವುದು ಕಷ್ಟ.

ನಮ್ಮ ಬೇಡಿಕೆಗಳು ನಾಲ್ಕು. ಮೊದಲನೆಯದು, ಕಡಿಮೆ ಆಕ್ಟೇನ್ ಸಾಕಾಗುವ ಹಳೆಯ ಮತ್ತು ತರಬೇತಿ ವಿಮಾನಗಳಿಗಾಗಿ ಸೀಸರಹಿತ ಏವ್‌ಗ್ಯಾಸನ್ನು ದೇಶದಲ್ಲಿಯೇ ತಯಾರಿಸಬೇಕು. ಎರಡನೆಯದು, ಅದು ಹೊಂದದ ಪುರಾತನ ವಿಮಾನಗಳು ತಕ್ಕ ಇಂಧನ ಸಿಗುವವರೆಗೆ ನೆಲದ ಮೇಲಿನ ಪ್ರದರ್ಶನಕ್ಕೆ ಸೀಮಿತವಾಗಬೇಕು. ಮೂರನೆಯದು, ಜಕ್ಕೂರಿನಂತೆ ಊರು ಸುತ್ತುವರಿದಿರುವ ಸಣ್ಣ ವಿಮಾನಾಂಗಣಗಳ ಸುತ್ತಲಿನ ಮಣ್ಣಿನ ಸೀಸವನ್ನೂ, ಪಾಲಕರ ಒಪ್ಪಿಗೆ ಪಡೆದು ಅಲ್ಲಿನ ಮಕ್ಕಳ ರಕ್ತವನ್ನೂ ಪರೀಕ್ಷಿಸಿ ಫಲಿತಾಂಶವನ್ನು ಬಹಿರಂಗಪಡಿಸಬೇಕು. ಅಪಾಯವಿಲ್ಲವೆಂದು ತಿಳಿದರೆ ಎಲ್ಲರಿಗೂ ನೆಮ್ಮದಿ. ನಾಲ್ಕನೆಯದು, ಯಲಹಂಕದ ವೈಮಾನಿಕ ಪ್ರದರ್ಶನವೇ ಇರಲಿ, ಬೇರಾವ ಪ್ರದರ್ಶನವೇ ಇರಲಿ, ಪುರಾತನ ವಿಮಾನವೊಂದರ ಮುಂದೆ ನಿಲ್ಲಿಸುವ ಫಲಕದಲ್ಲಿ ಅದರ ವೇಗ, ಎತ್ತರ, ಶೌರ್ಯಗಳ ಜೊತೆಗೆ ಅದು ಗಂಟೆಗೆ ಎಷ್ಟು ಗ್ರಾಂ ಸೀಸ ಉಗುಳುತ್ತದೆ ಎಂಬುದನ್ನೂ ಬರೆಯಬೇಕು.

ಸೋಗಾನೆಯ ನಂತರ ಮಲೆನಾಡಿನ ಇನ್ನಷ್ಟು ಊರುಗಳಿಗೆ ವಿಮಾನಾಂಗಣಗಳು, ತರಬೇತಿ ಶಾಲೆಗಳು, ಪ್ರವಾಸಿಗರ ಮೋಜಿನ ಹಾರಾಟಗಳು ಬಂದಾವು. ಆಗ ನಮ್ಮ ಗ್ರಾಮಸಭೆಗಳು ಭೂಮಿ ಎಷ್ಟು ಹೋಗುತ್ತದೆ, ಪರಿಹಾರ ಎಷ್ಟು ಬರುತ್ತದೆ ಎಂದಷ್ಟೇ ಕೇಳಿದರೆ ಸಾಲದು. ಟ್ಯಾಂಕಿಗೆ ತುಂಬುವುದೇನು ಎಂಬ ಪ್ರಶ್ನೆಯನ್ನು ಅರ್ಜಿಯ ಮೊದಲ ಸಾಲಿನಲ್ಲಿಯೇ ಬರೆಯಿಸಿ, ಉತ್ತರವನ್ನು ಲಿಖಿತವಾಗಿ ಪಡೆಯಿರಿ.